ತವರಲ್ಲಿ ಉಳಿದ ಘಾಟ್ಯಾ

ಮದುವೆಯಾಗಿ ಬ್ಯಾಡಗಿಗೆ ಬಂದ ಮೊದಲ ತಿಂಗಳು ನಾನೂ ನನ್ನ ಗಂಡನೂ ಆಡಿದ ಮಾತುಗಳನ್ನೆಲ್ಲ ಒಂದು ಕಡೆ ಕೂಡಿಸಿದರೆ ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಆಗುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಅವರು ಮೊದಲಿನಿಂದಲೂ ಮಾತು ಕಡಿಮೆಯವರು. ಮನೆಯೂ ಮಾತಿಗೆ ಅನುಕೂಲವಾಗಿರಲಿಲ್ಲ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ನಮ್ಮ ಕೋಣೆ. ಕೋಣೆಯ ಗೋಡೆ ಹಂಚಿನ ತನಕ ಹೋಗಿರಲಿಲ್ಲ, ಮೇಲೆ ಒಂದು ಮೊಳದಷ್ಟು ತೆರವಿತ್ತು. ನಾನು ಈ ಕಡೆ ಕೆಮ್ಮಿದರೆ ಆ ಕಡೆಯಿಂದ ಅತ್ತೆ ನೀರು ಕುಡಿ ಅನ್ನುತ್ತಿದ್ದರು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ನಾವು ಮೂರೇ ಜನ.

ನನ್ನ ಗಂಡ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಮೇಲ್ವಿಚಾರಕರು. ಊರೆಲ್ಲ ಬಿಸಿಲಿಗೆ ಬಾಯಿ ಬಿಡುತ್ತಿದ್ದರೆ ಅವರು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮನೆಗೆ ಬಂದಾಗ ಆ ಸ್ವೆಟರ್ ಮುಟ್ಟಿದರೆ ಇನ್ನೂ ತಣ್ಣಗೆ ಇರುತ್ತಿತ್ತು, ಮೂಗಿಗೆ ಹಿಡಿದರೆ ಸೀನು ಬರುತ್ತಿತ್ತು. ನಾನು ಹಾವೇರಿಯವಳು. ಹಾವೇರಿ ಏನು ಬಹಳ ದೂರವಲ್ಲ, ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿ ಹೇಗಿರುತ್ತದೆ ಎಂಬುದು ಅಲ್ಲಿ ಬಂದು ಇದ್ದವರಿಗೇ ಗೊತ್ತು. ಮೊದಲ ವಾರ ನಾನು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ಹೊಸ ಸೊಸೆ ತವರು ನೆನೆಸಿ ಅಳುತ್ತಿದ್ದಾಳೆ ಎಂದು ಓಣಿಯವರು ತಿಳಿದುಕೊಂಡರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಒಂದು ಸಂಜೆ ಅವರು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆಯೇ ಕೇಳಿದರು.

"ಬರ್ತಿ ಏನು, ಮಾರ್ಕೆಟ್ ತನಕ?"

ನಾನು ಸಂತೆಗೆ ಎಂದು ತಿಳಿದು ಚೀಲ ತೆಗೆದುಕೊಂಡೆ. ಅವರು ಚೀಲ ಬೇಡವೆಂದು ಸನ್ನೆ ಮಾಡಿದರು. ರಸ್ತೆಗೆ ಬಂದ ಮೇಲೆ ಫೋನ್ ತೆಗೆದು ತೋರಿಸಿದರು. ಅದರಲ್ಲಿ ಒಂದು ಆಟವಿತ್ತು. ನಾವು ನಡೆಯುತ್ತಿರುವ ಬೀದಿಯೇ ಅದರೊಳಗೆ ನಕ್ಷೆಯಾಗಿ ಕಾಣುತ್ತದೆ. ನಾವು ನಡೆದರೆ ನಕ್ಷೆಯೊಳಗಿನ ಸಣ್ಣ ಬೊಂಬೆಯೂ ನಡೆಯುತ್ತದೆ. ಅಲ್ಲಲ್ಲಿ ವಿಚಿತ್ರ ಪ್ರಾಣಿಗಳು ಕುಳಿತಿರುತ್ತವೆ, ಹತ್ತಿರ ಹೋಗಿ ಅವುಗಳನ್ನು ಹಿಡಿಯಬೇಕು, ಹಿಡಿದು ಸಾಕಬೇಕು. ದೊಡ್ಡ ಮನುಷ್ಯ, ಮೀಸೆ ಬಿಟ್ಟವರು, ಇಂಥದ್ದನ್ನು ಆಡುತ್ತಾರೆಂದು ನನಗೆ ನಗು ಬಂತು. ನಗುವುದೋ ಬೇಡವೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವರು ಅದನ್ನು ಕಂಡು ತಾವೇ ಮೊದಲು ನಕ್ಕುಬಿಟ್ಟರು.

ಮಾರನೆಯ ದಿನವೇ ನನ್ನ ಫೋನಿಗೂ ಆ ಆಟ ಬಂತು. ಅದರಲ್ಲಿ ಕೆಂಪು, ನೀಲಿ ಎಂದು ಎರಡು ಪಕ್ಷಗಳು. ಅವರು ಕೆಂಪು ಪಕ್ಷದವರು, ನನ್ನನ್ನೂ ಅದಕ್ಕೇ ಸೇರಿಸಿದರು. ನಾನು ಹಿಡಿದ ಮೊದಲ ಪ್ರಾಣಿ ಮಾರ್ಕೆಟ್ ರಸ್ತೆಯಲ್ಲಿ, ಒಂದು ಅಂಗಡಿಯ ಮುಂದೆ ಒಟ್ಟಿದ ಮೆಣಸಿನಕಾಯಿ ಚೀಲಗಳ ಮೇಲೆ ಕುಳಿತಿತ್ತು. ಮುಂಗುಸಿಯಷ್ಟು ಗಾತ್ರ, ಇಟ್ಟಂಗಿ ಬಣ್ಣದ ಬೆನ್ನು, ಎಲೆಯಂಥ ಕಪ್ಪು ಕಿವಿ, ಮೊಂಡು ಬಾಲ. ಹೊಡೆದಾಟಕ್ಕೆ ನಿಲ್ಲಿಸಿದರೆ ಮೊದಲು ಮೂಗು ಸೊಟ್ಟ ಮಾಡಿ, ಕಣ್ಣು ಮುಚ್ಚಿ, ಜೋರಾಗಿ ಸೀನುತ್ತಿತ್ತು. ಸೀನಿದರೆ ಮೂಗಿನಿಂದ ಕಿಡಿಗಳು ಹಾರುತ್ತಿದ್ದವು. ಆಟದವರು ಅದಕ್ಕೆ ನಾಲಗೆ ಹೊರಳದ ಏನೋ ಇಂಗ್ಲಿಷ್ ಹೆಸರು ಇಟ್ಟಿದ್ದರು. ಬೇರೆ ಹೆಸರು ಇಡಬಹುದು ಎಂದು ಗಂಡ ಹೇಳಿದಾಗ ಮೆಣಸಿನಕಾಯಿಯ ಘಾಟು ನೆನೆದು ನಾನು ಘಾಟ್ಯಾ ಎಂದು ಬರೆದೆ. ಅವರು ಓದಿ ರಸ್ತೆಯಲ್ಲಿ ನಿಂತೇ ನಕ್ಕರು. ನಗುವಾಗ ಅವರ ಬಲಗಡೆಯ ಒಂದು ಹಲ್ಲು ಸ್ವಲ್ಪ ಒಳಗೆ ಹೋಗಿರುವುದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ದಿನವೂ ಸಂಜೆ ನಮ್ಮ ತಿರುಗಾಟ. ಘಾಟ್ಯಾನನ್ನು ನಡೆಸಬೇಕು, ಅದಕ್ಕೆ ಹಸಿವಾಗುತ್ತದೆ ಎಂಬುದೊಂದು ನೆಪ. ಕೈಯಲ್ಲಿ ಫೋನ್ ಇದ್ದರೆ ಅವರಿಗೆ ಮಾತು ಬರುತ್ತಿತ್ತು. ಮೊದಲು ಪ್ರಾಣಿಗಳ ಮಾತು, ಆಮೇಲೆ ಕೆಲಸದ ಮಾತು, ಆಮೇಲೆ ಅವರ ಅಪ್ಪ ತೀರಿಹೋದ ವರ್ಷದ ಮಾತು. ಸ್ಟೇಷನ್ ರಸ್ತೆಯಲ್ಲಿ ನಿಂತು ಗಿರಮಿಟ್ ತಿನ್ನುತ್ತಿದ್ದೆವು. ಪರಿಚಯದವರು ಕಂಡರೆ ಅವರು ಫೋನ್ ಕಿಸೆಗೆ ಹಾಕಿ ಕೆಲಸದ ಮೇಲೆ ಹೊರಟವರಂತೆ ನಿಲ್ಲುತ್ತಿದ್ದರು. ಅತ್ತೆಗೆ ಮಾತ್ರ ಎಲ್ಲ ಗೊತ್ತಿತ್ತು. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಇಲ್ಲದ ಪ್ರಾಣಿಗೆ ಹುಲ್ಲು ಹಾಕುವುದಕ್ಕೆ ಗಂಡ ಹೆಂಡತಿ ಊರು ಸುತ್ತುತ್ತಾರೆ ಎಂದು ರೊಟ್ಟಿ ಬಡಿಯುತ್ತ ಹೇಳುತ್ತಿದ್ದರು. ಆದರೆ ತಡೆಯಲಿಲ್ಲ.

ಮೊದಲ ನಾಗರ ಪಂಚಮಿಗೆ ನಾನು ತವರಿಗೆ ಹೋದೆ. ಹಾವೇರಿಯಲ್ಲಿ ಪುರಸಿದ್ಧೇಶ್ವರನ ಹಳೆಯ ಕಲ್ಲಿನ ಗುಡಿ ನಮ್ಮ ಮನೆಯಿಂದ ಹತ್ತಿರ. ಆಟದಲ್ಲಿ ಅಂಥ ಜಾಗಗಳೆಲ್ಲ ಠಾಣೆಗಳು. ಠಾಣೆ ಖಾಲಿ ಇದ್ದರೆ ನಮ್ಮ ಪ್ರಾಣಿಯನ್ನು ಅಲ್ಲಿ ಕಾವಲಿಗೆ ಇಡಬಹುದು. ಖಾಲಿ ಇತ್ತು, ನಾನು ಘಾಟ್ಯಾನನ್ನು ಇಟ್ಟೆ. ಊರಿಗೆ ಹೊರಡುವ ದಿನ ತೆಗೆದುಕೊಂಡರಾಯಿತು ಅಂದುಕೊಂಡಿದ್ದೆ. ಹಾಗೆ ತೆಗೆಯಲು ಬರುವುದಿಲ್ಲ ಎಂದು ಗಂಡ ಫೋನಿನಲ್ಲಿ ಹೇಳಿದರು. ನೀಲಿ ಪಕ್ಷದವರು ಯಾರಾದರೂ ಬಂದು ಅದನ್ನು ಹೊಡೆದು ಸೋಲಿಸಿದರೆ ಮಾತ್ರ ಅದು ನಮ್ಮ ಕಡೆ ಮರಳುತ್ತದೆ. ಹಾವೇರಿಯಲ್ಲಿ ಆಗ ನೀಲಿ ಪಕ್ಷದವರು ಯಾರೂ ಇದ್ದಂತೆ ಕಾಣಲಿಲ್ಲ. ನಾನು ಒಬ್ಬಳೇ ಬಸ್ ಹತ್ತಿ ಬ್ಯಾಡಗಿಗೆ ಬಂದೆ.

ಅತ್ತೆ ವಿಷಯ ಕೇಳಿ ಮೊದಲ ಸಲ ಆ ಆಟದ ಬಗ್ಗೆ ನಕ್ಕರು. "ನೀನರ ಬಂದಿ. ಅದು ತವರಾಗ ಕುಂತು ಬಿಟ್ಟೈತಿ ನೋಡು, ಶಾಣೇದು."

ಠಾಣೆಯಲ್ಲಿದ್ದ ಪ್ರಾಣಿ ದಿನ ಕಳೆದಂತೆ ಬಸವಳಿಯುತ್ತದೆ. ತಿನ್ನಿಸಿದರೆ ಮತ್ತೆ ಬಲ ಬರುತ್ತದೆ. ಸಾಕಿದವರು ಫೋನಿನಲ್ಲಿ ದೂರದಿಂದ ಅದರ ಮುಖ ನೋಡಬಹುದು, ತಿನ್ನಿಸಬೇಕಾದರೆ ಹತ್ತಿರವೇ ಹೋಗಬೇಕು. ನನ್ನ ಗಂಡನಿಗೆ ಕೋಲ್ಡ್ ಸ್ಟೋರೇಜ್ ಕೆಲಸಕ್ಕೆಂದು ಆಗಾಗ ಹಾವೇರಿಗೆ ಹೋಗುವುದು ಇರುತ್ತಿತ್ತು. ಹೋದಾಗಲೆಲ್ಲ ಗುಡಿಗೆ ಹೋಗಿ ಘಾಟ್ಯಾನಿಗೆ ತಿನ್ನಿಸಿ, ಅದು ಕಲ್ಲಿನ ಕಂಬದ ಪಕ್ಕ ನಿಂತಂತೆ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಹಾಗೇ ನಮ್ಮ ಅವ್ವನ ಮನೆಗೂ ಹೋಗಿ ಬರುತ್ತಿದ್ದರು. ಅವ್ವ ಒಮ್ಮೆ ಫೋನ್ ಮಾಡಿ, ಅಳಿಯಂದಿರು ಬಂದಿದ್ದರು, ಯಾವುದಕ್ಕೋ ತಿನ್ನಿಸಲು ಬಂದೆ ಅಂದರು, ನನಗೆ ತಿಳಿಯಲಿಲ್ಲ, ಅವರಿಗೇ ಊಟಕ್ಕೆ ಬಡಿಸಿದೆ ಅಂದಳು. ಸಂಜೆ ಅವರು ಅವ್ವ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟು ಕೈಕಾಲು ತೊಳೆಯಲು ಹೋದರು. ಆ ವರ್ಷ ನನಗೆ ಬಹಳ ಒಳ್ಳೆಯ ವರ್ಷ. ಈಗಲೂ ಯಾರ ಮನೆಯಲ್ಲಾದರೂ ಶೇಂಗಾ ಹುರಿಯುವ ವಾಸನೆ ಬಂದರೆ ಆ ಡಬ್ಬಿ, ಆ ತಣ್ಣನೆಯ ಸ್ವೆಟರ್, ಸ್ಟೇಷನ್ ರಸ್ತೆಯ ಮಬ್ಬು ದೀಪಗಳು ಒಟ್ಟಿಗೆ ನೆನಪಾಗುತ್ತವೆ.

ಎರಡನೆಯ ವರ್ಷ ರಾಣೇಬೆನ್ನೂರಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತು. ರಕ್ತ ಪರೀಕ್ಷೆ ಮಾಡುವ ಕೆಲಸ. ಮದುವೆಗೆ ಮೊದಲು ನಾನು ಅದನ್ನೇ ಓದಿದ್ದೆ. ಬೆಳಿಗ್ಗೆ ಬಸ್ ಹಿಡಿದರೆ ಸಂಜೆ ಮನೆಗೆ ಬರಬಹುದು. ನನಗೆ ಹಿಗ್ಗೋ ಹಿಗ್ಗು. ಅತ್ತೆ ಮಾತ್ರ ಒಂದೇ ಮಾತಿನಲ್ಲಿ ಬೇಡ ಅಂದರು. ಕಾರಣ ಹೇಳಲಿಲ್ಲ. ಕೇಳಿದರೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ನಾನು ಗಂಡನ ಮುಖ ನೋಡಿದೆ. ಅವರು ನೋಡೋಣ ಅಂದರು. ಮರುದಿನವೂ ನೋಡೋಣ ಅಂದರು. ಆ ವಾರವೆಲ್ಲ ಅದನ್ನೇ ಅಂದರು. ಅತ್ತೆ ಬೇಡ ಅಂದದ್ದಕ್ಕಿಂತ ಗಂಡನ ಆ ಮಾತು ನನಗೆ ಹೆಚ್ಚು ಚುಚ್ಚಿತು. ಸಂಜೆ ತಿರುಗಾಡಲು ಕರೆದರೆ ತಲೆನೋವು ಅಂದೆ. ಅವರು ಒಬ್ಬರೇ ಹೋಗಿ, ಬೇಗನೆ ತಿರುಗಿ ಬಂದು, ಪಡಸಾಲೆಯಲ್ಲಿ ಕುಳಿತುಬಿಟ್ಟರು.

ಅಷ್ಟರಲ್ಲಿ ಗುತ್ತಲದಲ್ಲಿ ಸೋದರತ್ತೆಯ ಮಗಳ ಮದುವೆ ಬಂತು. ನಾನು ಒಬ್ಬಳೇ ಹೋದೆ, ಮದುವೆ ಮುಗಿಸಿಕೊಂಡು ಅವ್ವನ ಜೊತೆ ಹಾವೇರಿಗೆ ಬಂದೆ, ಬ್ಯಾಡಗಿಗೆ ಹೋಗಲಿಲ್ಲ. ಎರಡು ದಿನ ಇದ್ದು ಬರುತ್ತೇನೆ ಅಂದಿದ್ದೆ. ವಾರಗಳು ಕಳೆದವು. ಅವ್ವ ಏನನ್ನೂ ಕೇಳಲಿಲ್ಲ, ಆದರೆ ಯಾರಾದರೂ ಬಾಗಿಲು ತಟ್ಟಿದರೆ ನನಗಿಂತ ಮೊದಲು ಅವಳೇ ಎದ್ದು ಹೋಗುತ್ತಿದ್ದಳು. ಗಂಡ ದಿನವೂ ಫೋನ್ ಮಾಡುತ್ತಿದ್ದರು. ಊಟ ಆಯಿತೇ ಎಂದು ಕೇಳುತ್ತಿದ್ದರು. ಆಯಿತು ಅನ್ನುತ್ತಿದ್ದೆ. ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡಿರುತ್ತಿದ್ದೆವು. ಕೆಲಸಕ್ಕೆ ಸೇರಲು ಆಸ್ಪತ್ರೆಯವರು ಕೊಟ್ಟ ಸಮಯ ಹತ್ತಿರವಾಗುತ್ತಿತ್ತು.

ಸಂಜೆಯಾದರೆ ನಾನು ಗುಡಿಗೆ ಹೋಗುತ್ತಿದ್ದೆ. ದೇವರಿಗೆ ಕೈಮುಗಿದು, ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತು, ಫೋನ್ ತೆಗೆದು ಘಾಟ್ಯಾನಿಗೆ ತಿನ್ನಿಸುತ್ತಿದ್ದೆ. ತಿಂದ ಮೇಲೆ ಅದು ಕಿವಿ ಅಲುಗಿಸಿ, ಸುತ್ತು ತಿರುಗಿ, ಒಂದು ಸೀನು ಸೀನಿ ಕುಳಿತುಕೊಳ್ಳುತ್ತಿತ್ತು. ಗುಡಿಗೆ ಬರುವ ಹೆಂಗಸರು ನಾನು ಫೋನಿನಲ್ಲಿ ಸ್ತೋತ್ರ ಓದುತ್ತೇನೆಂದು ತಿಳಿದಿದ್ದರು. ಒಬ್ಬ ಅಜ್ಜಿ ಅದು ಯಾವ ದೇವರದು ಎಂದು ಕೇಳಿಯೂಬಿಟ್ಟರು. ಏನು ಹೇಳಲಿ? ಅದು ಬೊಂಬೆ, ಅದಕ್ಕೆ ಹಸಿವೂ ಇಲ್ಲ, ಊರೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಒಂದು ದಿನ ಹೋಗದಿದ್ದರೆ ಏನೋ ತಪ್ಪಿಸಿದಂತಾಗುತ್ತಿತ್ತು. ಆ ದಿನಗಳಲ್ಲಿ ನನ್ನ ಬ್ಯಾಡಗಿಯ ಸಂಸಾರದಲ್ಲಿ ನನ್ನ ಕೈಗೆ ಸಿಗುವಂತೆ ಉಳಿದದ್ದು ಅದೊಂದೇ.

ಒಂದು ಭಾನುವಾರ ಬೆಳಿಗ್ಗೆ ಅವ್ವನ ಜೊತೆ ಕುಳಿತು ಸೊಪ್ಪು ಸೋಸುತ್ತಿದ್ದೆ. ಫೋನ್ ಸದ್ದು ಮಾಡಿತು. ನೋಡಿದರೆ ಘಾಟ್ಯಾ ಸೋತು ನನ್ನ ಬಳಿಗೆ ಮರಳಿದೆ ಎಂದು ಬರೆದಿತ್ತು. ಅದರ ಕಿವಿಗಳು ಜೋತುಬಿದ್ದಿದ್ದವು. ಒಂದು ವರ್ಷದ ಮೇಲೆ ಅಲುಗದೆ ಕುಳಿತದ್ದು ಹೀಗೆ ಎದ್ದು ಬಂದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರೋ ಮನೆಗೆ ನುಗ್ಗಿ ಸಾಮಾನು ಹೊರಗೆ ಹಾಕಿದಂತೆ ಅನಿಸಿತು. ಯಾರು ಹೊಡೆದರೆಂದು ನೋಡಲೇಬೇಕಾಯಿತು. ಸೊಪ್ಪನ್ನು ಹಾಗೇ ಬಿಟ್ಟು, ಈಗ ಬಂದೆ ಎಂದು ಹೇಳಿ, ಗುಡಿಯ ಕಡೆಗೆ ಹೊರಟೆ. ಯಾರೋ ಕಾಲೇಜಿನ ಹುಡುಗರಿರಬೇಕು ಅಂದುಕೊಂಡಿದ್ದೆ.

ಗುಡಿಯ ಕಟ್ಟೆಯ ಹತ್ತಿರ ಅತ್ತೆ ನಿಂತಿದ್ದರು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದರು. ಎರಡೂ ಕೈಯಲ್ಲಿ ಫೋನ್ ಹಿಡಿದು ಅದನ್ನೇ ನೋಡುತ್ತಿದ್ದರು, ಹಣೆಯ ಮೇಲೆ ಬೆವರಿತ್ತು. ಹಿಂದೆ ನನ್ನ ಗಂಡ ಹೆಲ್ಮೆಟ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅವರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅತ್ತೆ ತಲೆ ಎತ್ತಿದರು.

"ನಿನ್ನ ಘಾಟ್ಯಾನ್ನ ನಾನ ಹೊಡದೇನಿ," ಅಂದರು. "ಸಿಟ್ಟಾಗಬ್ಯಾಡವಾ. ಬಿಡಿಸಾಕ ಬ್ಯಾರೆ ದಾರಿ ಇಲ್ಲಂತ ಇವ ಅಂದ."

ನಿಮಗೆ ಆಡಲು ಬರುತ್ತದೆಯೇ ಎಂದು ನಾನು ಕೇಳಿದೆ.

"ಕಲತೆ. ಮನಿಯೊಳಗ ಇವನ ಮಾರಿ ನೋಡ್ಕೋತ ಎಷ್ಟಂತ ಕುಂದರ್ಲಿ?"

ಮೂವರೂ ಕಟ್ಟೆಯ ಮೇಲೆ ಕುಳಿತೆವು. ಆದದ್ದು ಇಷ್ಟು. ನಾನು ಬರದೆ ಇದ್ದಾಗ ಮೊದಮೊದಲು ಅತ್ತೆ ಬಿಗಿಯಾಗಿಯೇ ಇದ್ದರಂತೆ. ಆಮೇಲೆ ಒಂದು ದಿನ ಮಗನನ್ನು ಕೂರಿಸಿಕೊಂಡು, ಅವಳನ್ನು ಹೇಗೆ ಕರೆಯಬೇಕೋ ತಿಳಿಯದು, ಅವಳ ಪ್ರಾಣಿಯನ್ನಾದರೂ ಮೊದಲು ಮನೆಗೆ ತರೋಣ ಅಂದರಂತೆ. ಗಂಡ ಕೆಂಪು ಪಕ್ಷದವರು, ಅವರಿಗೆ ಅದನ್ನು ಹೊಡೆಯಲು ಬರುವುದಿಲ್ಲ. ಹಾಗಾಗಿ ಅತ್ತೆಯ ಫೋನಿಗೆ ಆಟ ಹಾಕಿ, ಅವರನ್ನು ನೀಲಿ ಪಕ್ಷಕ್ಕೆ ಸೇರಿಸಿದರು. ಇಲ್ಲದ ಪ್ರಾಣಿಗೆ ಹುಲ್ಲು ಹಾಕುತ್ತೀರಿ ಅನ್ನುತ್ತಿದ್ದ ಅತ್ತೆ ಸಂಜೆ ಸೆರಗು ಬಿಗಿದು ಮಗನ ಜೊತೆ ಮಾರ್ಕೆಟ್ ರಸ್ತೆ ಸುತ್ತಿ, ಪ್ರಾಣಿ ಹಿಡಿದು, ಸಾಕಿ, ಬಲಿಸಿಕೊಂಡು ಬಂದಿದ್ದರು.

ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು ಅತ್ತೆ ಹೇಳಿದರು. "ನೌಕರಿ ಬ್ಯಾಡ ಅಂದದ್ದು ಮಂದಿ ಏನಂತಾರೋ ಅಂತ ಅಲ್ಲ. ಇವರಪ್ಪ ಹೋದ ಮ್ಯಾಲೆ ಇಷ್ಟು ವರ್ಷ ಹಗಲೆಲ್ಲಾ ನಾ ಒಬ್ಬಾಕೀನ ಆ ಮನಿಯೊಳಗ. ನೀ ಬಂದ ಮ್ಯಾಲೆ ಮಧ್ಯಾಹ್ನ ಮಾತಾಡಾಕ ಒಬ್ರು ಆದ್ರು. ಮತ್ತ ಹಂಗ ಆಕ್ಕೈತಿ ಅಂತ ಅಂಜಿದೆ. ಅದನ್ನ ಬಾಯಿ ಬಿಟ್ಟು ಹೇಳೂದು ಹೆಂಗ?"

ಆ ಮನೆಯಲ್ಲಿ ಮಾತಿಗೆ ಹಂಬಲಿಸಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಮಧ್ಯಾಹ್ನ ಅತ್ತೆ ನನ್ನ ಹತ್ತಿರ ಕುಳಿತು ಅದೇ ಹಳೆಯ ಸಂಗತಿಗಳನ್ನು ಮತ್ತೆ ಮತ್ತೆ ಹೇಳುವಾಗ ನಾನು ಅರ್ಧ ಕೇಳಿ ಅರ್ಧ ಬಿಡುತ್ತಿದ್ದೆ.

ಆಗ ನನ್ನ ಗಂಡ, ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ, ನೆಲ ನೋಡುತ್ತಲೇ ಹೇಳಿದರು. "ನಾನೂ ಅಂಜಿದ್ದೆ. ಒಬ್ಬರ ಕಡೆ ಮಾತಾಡಿದ್ರ ಇನ್ನೊಬ್ಬರು ದೂರ ಆಗ್ತೀರಿ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕ ನೀ ಹೋದಿ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ನೀ ನೌಕರಿಗೆ ಹೋಗು. ನಾ ಅವತ್ತ ಇದನ್ನ ಹೇಳಬೇಕಿತ್ತು."

ಗೆದ್ದವರು ಠಾಣೆಯಲ್ಲಿ ತಮ್ಮ ಪ್ರಾಣಿಯನ್ನು ಇಡಬಹುದು. ಗಂಡ ಅದನ್ನು ನೆನಪಿಸಿದಾಗ ಅತ್ತೆ ಒಪ್ಪಲಿಲ್ಲ. ಇಲ್ಲಿಟ್ಟರೆ ಅದನ್ನು ಬಿಡಿಸಲು ಮತ್ತೆ ಯಾರು ಬರಬೇಕು ಅಂದರು. ನಾವು ಅವ್ವನ ಮನೆಗೆ ಹೋದೆವು. ಬೀಗತಿಯನ್ನು ಬಾಗಿಲಲ್ಲಿ ಕಂಡ ಅವ್ವ ಗಾಬರಿಯಾಗಿ ಸೋಸಿದ ಸೊಪ್ಪಿನ ಬುಟ್ಟಿಯನ್ನು ಎಲ್ಲಿ ಇಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಅತ್ತೆ ಅದನ್ನು ತೆಗೆದುಕೊಂಡು ತಾವೇ ಅಡುಗೆಮನೆಗೆ ನಡೆದರು. ಊಟವಾದ ಮೇಲೆ ಅತ್ತೆಯನ್ನು ಬಸ್ಸಿಗೆ ಕೂರಿಸಿ ಅವರ ಪಕ್ಕ ನಾನು ಕುಳಿತೆ, ಗಂಡ ಬೈಕಿನಲ್ಲಿ ಬಂದರು. ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಮಾತಾಡಿದರು. ನಾನು ಕೇಳಿಸಿಕೊಂಡೆ.

ಕೆಲಸಕ್ಕೆ ಸೇರಿದೆ. ಎಲ್ಲ ಒಮ್ಮೆಗೇ ಸರಿಹೋಯಿತು ಎಂದರೆ ಸುಳ್ಳಾದೀತು. ಮೊದಲ ತಿಂಗಳು ಅತ್ತೆ ಸಂಜೆ ನಾನು ಬಂದಾಗ ಮುಖ ಊದಿಸಿಕೊಂಡಿರುತ್ತಿದ್ದರು. ಆಸ್ಪತ್ರೆಯ ವಾಸನೆ ಬರುತ್ತದೆ, ಸೀರೆ ಬದಲಿಸು ಅನ್ನುತ್ತಿದ್ದರು. ರಾಣೇಬೆನ್ನೂರಿನ ಬಸ್ ತಪ್ಪಿದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತ. ಆಮೇಲೆ ಪಕ್ಕದ ಓಣಿಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರ ಜೊತೆ ಅವರು ಮಧ್ಯಾಹ್ನ ಹೋಗಿ ಕುಳಿತುಕೊಳ್ಳತೊಡಗಿದರು. ರೊಟ್ಟಿ ಬಡಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಸಂಜೆ ಆ ಮಾತುಗಳನ್ನೆಲ್ಲ ನನಗೆ ಇನ್ನೊಮ್ಮೆ ಹೇಳುತ್ತಿದ್ದರು. ಆಟವನ್ನೂ ಅವರು ಬಿಡಲಿಲ್ಲ. ರೊಟ್ಟಿಯ ಮನೆಗೆ ಹೋಗುವ ದಾರಿಯಲ್ಲಿ ಹಿಡಿದದ್ದನ್ನು ತೋರಿಸುತ್ತಿದ್ದರು. ಯಾವುದಕ್ಕೂ ಹೆಸರಿಡುತ್ತಿರಲಿಲ್ಲ, ಎಲ್ಲವೂ ಅವರಿಗೆ 'ಇದು' ಮತ್ತು 'ಅದು'.

ನಮ್ಮ ಆಟ ಯಾವಾಗ ನಿಂತಿತು ಎಂದು ಹೇಳಲು ನನಗೆ ಬರುವುದಿಲ್ಲ. ಯಾರೂ ನಿಲ್ಲಿಸಲಿಲ್ಲ. ಮಗಳು ಹುಟ್ಟಿದಳು. ಆಟ ಹಿರಿದಾಗುತ್ತ ಹೋಯಿತು, ನನ್ನ ಹಳೆಯ ಫೋನಿಗೆ ಅದನ್ನು ಹೊರಲು ಆಗುತ್ತಿರಲಿಲ್ಲ, ಘಾಟ್ಯಾ ಅರ್ಧ ಸೀನಿ ಹಾಗೇ ನಿಂತುಬಿಡುತ್ತಿತ್ತು. ಹೊಸ ಫೋನ್ ಬಂದಾಗ ಆಮೇಲೆ ಹಾಕಿಕೊಳ್ಳುತ್ತೇನೆ ಅಂದೆ. ಹಾಗೆಯೇ ಉಳಿಯಿತು. ಈಗ ನೆನೆದರೆ ಒಂದು ಥರದ ಹಳಹಳಿ ಆಗುತ್ತದೆ. ಮತ್ತೆ ಆಡಬೇಕೆಂದಲ್ಲ. ಆ ಪ್ರಾಣಿಯನ್ನು ನಡೆಸಬೇಕು ಎಂದು ಹೊರಟು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಪರದೆಯನ್ನು ನೋಡುತ್ತ, ಎದುರು ಬರುವ ಎಮ್ಮೆಗೆ ದಾರಿ ಬಿಡುತ್ತ ನಡೆದ ಆ ಸಂಜೆಗಳು ಬೇಕು ಅನಿಸುತ್ತದೆ.

ತಿರುಗಾಟ ಮಾತ್ರ ಇದೆ. ಹೋದ ತಿಂಗಳು ಮಗಳನ್ನೂ ಕರೆದುಕೊಂಡು ಸ್ಟೇಷನ್ ತನಕ ಹೋಗಿದ್ದೆವು. ಬರುವಾಗ ಅವಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋದಳು. ಯಾವುದೋ ಮಾತಿಗೆ ಹಾವೇರಿಯ ಗುಡಿಯ ಮಾತು ಬಂತು. ಆ ಭಾನುವಾರ ಬಂದದ್ದು ಮೊದಲ ಸಲವಲ್ಲ ಎಂದು ನನ್ನ ಗಂಡ ಅಂದರು. ಅದಕ್ಕೂ ಮೊದಲು ಎರಡು ಸಲ ತಾಯಿ ಮಗ ಇಬ್ಬರೂ ಬೈಕಿನಲ್ಲಿ ಬಂದು, ಘಾಟ್ಯಾನ ಮುಂದೆ ಸೋತು, ಗುಡಿಯ ಹೊರಗೆ ಕುಳಿತು ಕಟ್ಟಿಕೊಂಡು ಬಂದ ಬುತ್ತಿ ತಿಂದು, ತಿರುಗಿ ಹೋಗಿದ್ದರಂತೆ. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಅಷ್ಟು ಹತ್ತಿರ ಬಂದು ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಅವ್ವ ಬ್ಯಾಡ ಅಂದ್ಲು. ಸೋತು ಬೀಗರ ಮನಿಗಿ ಹೆಂಗ ಹೋಗೂದು ಅಂದ್ಲು."

ನಾನು ದಿನವೂ ಸಂಜೆ ತಿನ್ನಿಸುತ್ತಿದ್ದೆನಲ್ಲ, ಅದಕ್ಕೇ ಅದು ಸೋಲುತ್ತಿರಲಿಲ್ಲ. ಒಂದು ಮಾತು ಫೋನ್ ಮಾಡಿ ತಿನ್ನಿಸಬೇಡ ಅಂದಿದ್ದರೆ ಮೊದಲ ಸಲವೇ ಗೆಲ್ಲಬಹುದಿತ್ತು ಅಂದೆ.

ಅವರು ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. ಆಮೇಲೆ ಹೇಳಿದರು.

"ಹ್ಯಾಂಗ ಅನ್ನಲಿ? ಬಂದಾಗೆಲ್ಲಾ ಅದರ ಹೊಟ್ಟಿ ತುಂಬಿರ್ತಿತ್ತು. ನೀ ದಿನಾ ಬರ್ತಿ ಅಂತ ಅದರಿಂದನ ನಮಗ ತಿಳೀತಿತ್ತು."

ಅವರ ಹೆಗಲು ನೋಯುತ್ತಿರಬೇಕು ಅನಿಸಿತು. ಮಗಳನ್ನು ಎಚ್ಚರವಾಗದಂತೆ ನನ್ನ ಹೆಗಲಿಗೆ ತೆಗೆದುಕೊಂಡೆ.